ಮಡಿಯಲ್ಲಿ ಮುಟ್ಟುವ ಫೋನು

ಮೊನ್ನೆ ಗೋಡೆಗೆ ಹೊಡೆಯಲು ಒಂದು ಮೊಳೆ ಬೇಕಾಗಿ ಮೇಜಿನ ಕೆಳಗಿನ ಡ್ರಾಯರ್ ಎಳೆದೆ. ಮೊಳೆ ಸಿಗಲಿಲ್ಲ. ಸಿಕ್ಕಿದ್ದು ಒಂದು ರಾಶಿ ಹಳೆಯ ಚಾರ್ಜರುಗಳು. ದಪ್ಪ ಪಿನ್ನಿನವು, ಸಣ್ಣ ಪಿನ್ನಿನವು, ಅಗಲ ಬಾಯಿಯವು, ಎಲ್ಲ ಒಂದಕ್ಕೊಂದು ಸುತ್ತಿಕೊಂಡು ಜಡೆಗಟ್ಟಿದ್ದವು. ಒಂದೂ ಈಗಿನ ಯಾವ ಫೋನಿಗೂ ಕೂರುವುದಿಲ್ಲ. ನನ್ನ ಹೆಂಡತಿ ಶಾರದೆ ಬಾಗಿಲಲ್ಲಿ ನಿಂತು ನೋಡಿ, "ಫೋನುಗಳೆಲ್ಲ ಸತ್ತು ಸ್ವರ್ಗ ಸೇರಿದ್ವು. ಇವನ್ನ ಯಾವ ಸುಖಕ್ಕೆ ಇಟ್ಕೊಂಡಿದೀರಿ?" ಎಂದಳು. ಸರಿ, ಎಸೆದೇಬಿಡೋಣವೆಂದು ಬಿಡಿಸುತ್ತಾ ಕೂತೆ. ಅಲ್ಲಿಗೆ ನನ್ನ ಬೆಳಗು ಮುಗಿಯಿತು ನೋಡಿ. ಒಂದೊಂದು ಎಳೆ ಬಿಡಿಸಿದಾಗಲೂ ಒಬ್ಬೊಬ್ಬರ ಮುಖ ನೆನಪಾಗುತ್ತಿತ್ತು.

ಏಕೆಂದರೆ ಒಂದು ಕಾಲಕ್ಕೆ ನಾನು ಕೋಲಾರದಲ್ಲಿ ಫೋನಿನ ಜಾತಕ ನೋಡುವವನಾಗಿದ್ದೆ. ಹೊಟ್ಟೆಪಾಡಿಗೆ ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸ, ಪುಕ್ಕಟೆ ಸೇವೆಗೆ ಇದು. ಯಾರಿಗೆ ಯಾವ ಫೋನು ಹೊಂದುತ್ತದೆ, ಯಾವ ಕಂಪನಿಯ ಸಿಮ್ಮು ಯಾರ ಮನೆಯಲ್ಲಿ ನಿಲ್ಲುತ್ತದೆ ಎಂದು ಕೇಳಲು ಜನ ನನ್ನ ಬಳಿ ಬರುತ್ತಿದ್ದರು. ಈ ಪಾಂಡಿತ್ಯ ಎಲ್ಲಿಂದ ಬಂತು ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಗೆಳೆಯನೊಬ್ಬನ ಮಾತು ಕೇಳಿ ಒಂದು ಪೇಜರ್ ಕೊಂಡಿದ್ದೆ. ಹೊಸಕೋಟೆ ದಾಟಿದರೆ ಅದು ಉಸಿರೆತ್ತುತ್ತಿರಲಿಲ್ಲ. ನಾನಿದ್ದದ್ದೋ ಕೋಲಾರದಲ್ಲಿ. ಆದರೂ ಬೆಲ್ಟಿಗೆ ಸಿಕ್ಕಿಸಿಕೊಂಡು ಕಚೇರಿಗೆ ಹೋಗಿ, ಗಂಟೆಗೊಮ್ಮೆ ತೆಗೆದು ಹುಬ್ಬು ಗಂಟಿಕ್ಕಿ ನೋಡಿ ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದೆ. ನಮ್ಮ ಜವಾನ ಬಹಳ ದಿನ ಗಮನಿಸಿ, ಕೊನೆಗೆ ತಡೆಯಲಾರದೆ, "ಸಾರ್, ಅದು ಬಿ.ಪಿ. ನೋಡ್ಕೊಳ್ಳೋ ಮಿಷನ್ನಾ?" ಎಂದು ಮರುಕದಿಂದ ಕೇಳಿದ. ಹಾಗೆ ಹೊಸ ಯಂತ್ರಗಳು ನನಗೆ ತಿಳಿಯುತ್ತವೆ ಎಂಬ ಹೆಸರು ಹಬ್ಬಿತು.

ಮೊಬೈಲು ಬಂದ ಮೇಲೆ ಕೇಳಬೇಕೇ! ಅಂಗಡಿಯವರು ಎಷ್ಟರೊಳಗೆ ಬೇಕು ಎಂದು ಕೇಳಿದರೆ, ನಾನು ಬೇರೆಯದನ್ನು ಕೇಳುತ್ತಿದ್ದೆ. ನಿಮಗೆ ಫೋನು ಮಾಡುವವರು ಯಾರು? ಎಷ್ಟು ಹೊತ್ತಿಗೆ? ಆಗ ನಿಮ್ಮ ಕೈಯಲ್ಲಿ ಏನಿರುತ್ತದೆ? ಅಂಗಿಗೆ ಜೇಬಿದೆಯೇ? ಈ ವಿಚಾರಣೆಗೆ ಬೇಸತ್ತು ಎದ್ದುಹೋದವರೂ ಇದ್ದಾರೆ. ಶ್ರೀನಿವಾಸಪುರದ ಮೇಷ್ಟರೊಬ್ಬರು ಮಾತ್ರ ಬಂದು, ಬಾಗಿಲು ಹಾಕಿಕೊಂಡು, ಸದ್ದು ಸಣ್ಣಗಿರುವ ಫೋನು ಬೇಕು, ಹೆಂಡತಿ ಕರೆದದ್ದು ಕೇಳಿಸಲೇ ಇಲ್ಲ ಎನ್ನಲು ಅನುಕೂಲವಾಗಬೇಕು ಎಂದು ನಿಜ ಹೇಳಿದರು. ಅಂಥವರಿಗೆ ಆರಿಸುವುದು ಸುಲಭ.

ಸುಗಟೂರಿನ ಗೆಳೆಯ ಮುನಿಯಪ್ಪನಿಗೆ ಟೊಮೆಟೊ ತೋಟ, ನಾಲ್ಕು ಹಸು, ಒಂದು ಕೋಣೆ ತುಂಬ ರೇಷ್ಮೆಹುಳು. ಅವನಿಗೆ ಟಾರ್ಚಿರುವ ಫೋನು ಕೊಡಿಸಿದೆ. ಒಂದು ವಾರಕ್ಕೆ ಬಂದು, ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಚೂಡಪ್ಪಾ, ನೀನು ಕೊಡ್ಸಿದ್ದು ಹಾಲಿನ ಕ್ಯಾನಿಗೆ ಬಿದ್ದೋಯ್ತು" ಎಂದ. "ಅಯ್ಯೋ, ಆಮೇಲೆ?" ಎಂದೆ. "ಆಮೇಲೇನು, ಡೈರಿಯೋರು ಇವತ್ತು ಹಾಲು ಗಟ್ಟಿಯಾಗೈತೆ ಅಂದ್ರು." ಒಣಗಿಸಿದ ಮೇಲೆ ಆ ಫೋನು ಮಾತಾಡಲಿಲ್ಲ, ಟಾರ್ಚು ಮಾತ್ರ ಉರಿಯಿತು. "ನಂಗೆ ಬೇಕಾಗಿದ್ದು ಅದೇ ಕಣೋ" ಎಂದು ಅವನು ಖುಷಿಯಾಗಿ ಹೋದ.

ಇಷ್ಟು ಹೇಳಿ ನನ್ನನ್ನು ನಾನೇ ಹೊಗಳಿಕೊಂಡಂತಾಯಿತು. ನನ್ನ ಈ ವಿದ್ಯೆಯೆಲ್ಲ ಮಣ್ಣುಮುಕ್ಕಿದ್ದು ರುಕ್ಮಿಣಿ ದೊಡ್ಡಮ್ಮನ ಮುಂದೆ. ಆ ಕಥೆ ಹೇಳಬೇಕೆಂದೇ ಇಷ್ಟು ಹೊತ್ತು ಸುತ್ತಾಡಿದೆ.

ರುಕ್ಮಿಣಿ ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ ಅವರದು. ದೊಡ್ಡಪ್ಪ ಪೌರೋಹಿತ್ಯ ಮಾಡುತ್ತಿದ್ದರು. ಮಗ, ಸೊಸೆ ಮಾಲತಿ, ಮೊಮ್ಮಕ್ಕಳು ಎಲ್ಲರೂ ಇದ್ದ ತುಂಬು ಮನೆ. ದೊಡ್ಡಮ್ಮನ ಮಡಿ ಸುತ್ತಲ ನಾಲ್ಕೂರಿಗೆ ಹೆಸರಾಗಿತ್ತು. ಬೆಳಗಿನ ಜಾವ ಬಾವಿಯ ನೀರು ಸುರಿದುಕೊಂಡು, ಯಾರೂ ಮುಟ್ಟದ ಸೀರೆ ಉಟ್ಟು ಒಲೆಯ ಮುಂದೆ ಕೂತಳೆಂದರೆ, ದೇವರ ನೈವೇದ್ಯವಾಗಿ ಎಲ್ಲರ ಊಟ ಮುಗಿಯುವವರೆಗೆ ಮನುಷ್ಯರನ್ನೂ ಮುಟ್ಟಳು, ಮನುಷ್ಯರು ಮುಟ್ಟಿದ್ದನ್ನೂ ಮುಟ್ಟಳು. ಹೊರಗಿನಿಂದ ಬಂದ ತರಕಾರಿ, ತೆಂಗಿನಕಾಯಿ, ಬೆಲ್ಲದ ಅಚ್ಚು ಕೂಡ ನೀರು ಕಂಡೇ ಅಡಿಗೆಮನೆಗೆ ಬರಬೇಕು.

ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಹುರಿಗಡಲೆ ಕೇಳಿದರೆ ಬೊಗಸೆಯೊಡ್ಡಲು ಹೇಳಿ ಮೇಲಿನಿಂದ ಸುರಿಯುತ್ತಿದ್ದಳು. ಒಮ್ಮೆ ನಾನು ಹಿತ್ತಲ ಒಗೆಯುವ ಕಲ್ಲಿನಿಂದ ಬಿದ್ದು ಮೊಣಕಾಲು ಕಿತ್ತುಕೊಂಡು ಅಳುತ್ತಾ ಬಂದೆ. ದೊಡ್ಡಮ್ಮ ಹೊಸಿಲ ಒಳಗೇ ಕೂತು, ಮೂರು ಮಾರು ದೂರದಿಂದ ನನ್ನ ಗಾಯಕ್ಕೆ "ಉಫ್, ಉಫ್" ಎಂದು ಊದಿದಳು. ಊದಿದ ಗಾಳಿ ನನ್ನವರೆಗೆ ಬರಲಿಲ್ಲ. ಆದರೂ ಉರಿ ಕಡಿಮೆಯಾಯಿತೆಂದು ನನಗೆ ಇವತ್ತಿಗೂ ನೆನಪು.

ಅವಳ ಮಗಳು ನಳಿನಿಯನ್ನು ಮಾಲೂರು ಕಡೆಯ ಲಕ್ಕೂರಿಗೆ ಕೊಟ್ಟಿದ್ದರು. ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೂತು ಮಾಡುವ ಕೆಲಸ. ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು. ಎರಡನೆಯ ಸಲ ಆಸ್ಪತ್ರೆಯ ಹೊರಗಿನ ಬೂತಿನಿಂದ ಅವಳೇ ತವರಿಗೆ ಫೋನು ಮಾಡಿದಳು. ಬೆಳಗಿನ ಹೊತ್ತು. ಫೋನು ನಡುಮನೆಯಲ್ಲಿತ್ತು, ದೊಡ್ಡಮ್ಮ ಒಲೆಯ ಮುಂದಿದ್ದಳು. ಮಾಲತಿ ರಿಸೀವರನ್ನು ವೈರು ಬರುವಷ್ಟೂ ಎಳೆದು ಅಡಿಗೆಮನೆಯ ಹೊಸಿಲಿನ ತನಕ ತಂದು, ನಳಿನಿ ಹೇಳಿದ್ದನ್ನು ಒಂದೊಂದಾಗಿ ಕೂಗಿ ಹೇಳಿದಳು. ದೊಡ್ಡಮ್ಮನಿಗೆ ಕಿವಿ ಸ್ವಲ್ಪ ಮಂದ. ಅದಕ್ಕೆ ಕೂಗಬೇಕಾಯಿತು, ಬೀದಿಗೂ ಕೇಳಿಸಿತು. ಮಾಲತಿ ಅಳುತ್ತಲೇ ಕೂಗಿದಳಂತೆ, ಅವಳ ತಪ್ಪೇನೂ ಇಲ್ಲ. ದೊಡ್ಡಮ್ಮ ಕೂತಲ್ಲಿಂದಲೇ, "ಏನಾದ್ರೂ ತಿಂದ್ಲಾ ಕೇಳೇ" ಎಂದಳು. ದೂರದಿಂದ ಬಂದ ಆ ಸ್ವರ ನಳಿನಿಗೆ ಕೇಳಿಸಿತು.

ಅಂದಿನಿಂದ ನಳಿನಿ ತಾಯಿಗೆ ಫೋನು ಮಾಡುವುದನ್ನು ಬಿಟ್ಟಳು. ಜಗಳವೇನಲ್ಲ. ಹಬ್ಬಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಸೀರೆ ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದರು. ಮಾತು ಮಾತ್ರ ಮಾವಿನಕಾಯಿ, ಮಳೆ, ನೆಂಟರ ಮದುವೆ ಇಷ್ಟರಲ್ಲೇ ಮುಗಿಯುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು.

ಒಂದು ದಿನ ಶಾರದೆ ಲಕ್ಕೂರಿಗೆ ಹೋಗಿ ಬಂದು, ನನ್ನನ್ನು ಕೂರಿಸಿಕೊಂಡು ಹೇಳಿದಳು. ನಳಿನಿಗೆ ಮತ್ತೆ ನಿಂತಿದೆ. ಮೂರನೆಯ ತಿಂಗಳು. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಡಾಕ್ಟರು ಬಸ್ಸು ಹತ್ತಬೇಡ ಎಂದಿದ್ದಾರೆ. "ಅಮ್ಮನಿಗೆ ನಾನೇ ಹೇಳ್ಬೇಕು ಅತ್ತಿಗೆ, ಅಮ್ಮನ ಕಿವೀಗೆ ಮಾತ್ರ. ಇನ್ನೊಂದು ಸಲ ಬೀದಿಗೆಲ್ಲ ಕೂಗಿಸ್ಕೊಳ್ಳೋ ಶಕ್ತಿ ನಂಗಿಲ್ಲ" ಎಂದು ಅತ್ತಳಂತೆ.

ನಾನು ಎಂದಿನಂತೆ ನನ್ನ ಪ್ರಶ್ನೆಗಳನ್ನು ಕೇಳಿದೆ. ನಳಿನಿ ಫೋನು ಮಾಡಲು ಸಾಧ್ಯವಾಗುವುದು ಎಷ್ಟು ಹೊತ್ತಿಗೆ? ಬೆಳಗ್ಗೆ ಹತ್ತಕ್ಕೆ, ಟೀ ಬಿಟ್ಟಾಗ, ಕಾರ್ಖಾನೆ ಗೇಟಿನ ಎದುರಿನ, ಕಾಸು ಹಾಕಿ ಮಾತಾಡುವ ಕಾಯಿನ್ ಡಬ್ಬಿಯಿಂದ. ಮಿಕ್ಕ ಹೊತ್ತು ಕೆಲಸ, ಮನೆಯಲ್ಲಿ ಅತ್ತೆ. ಆಕೆ ಒಳ್ಳೆಯವರೇ, ಕಿವಿ ಮಾತ್ರ ಬಹಳ ಚುರುಕು. ಆ ಹತ್ತು ಗಂಟೆಗೆ ದೊಡ್ಡಮ್ಮ ಏನು ಮಾಡುತ್ತಿರುತ್ತಾಳೆ? ಮಡಿಯಲ್ಲಿರುತ್ತಾಳೆ. ಅಂದರೆ ಬೇಕಾಗಿರುವುದು ಮಡಿಯಲ್ಲಿ ಮುಟ್ಟಬಹುದಾದ ಫೋನು. ಅಂಥದ್ದನ್ನು ಯಾವ ಕಂಪನಿಯೂ ಅಂಗಡಿಗೆ ಕಳಿಸಿರಲಿಲ್ಲ.

ಯೋಚನೆ ಬಂದದ್ದು ಶಾರದೆಗೆ. ರೇಷ್ಮೆಗೆ ಮೈಲಿಗೆಯಿಲ್ಲವಲ್ಲ! ಮಡಿಗೆ ಹತ್ತಿಯ ಬಟ್ಟೆ ಒಗೆದೇ ಆಗಬೇಕು, ರೇಷ್ಮೆಯಾದರೆ ಹಾಗೇ ನಡೆಯುತ್ತದೆ. ಪೂಜೆಗೆ ಉಡುವ ಹಳೆಯ ರೇಷ್ಮೆ ಮಗುಟದ ತುಂಡಿನಿಂದ ಒಂದು ಪುಟ್ಟ ಚೀಲ ಹೊಲಿದಳು. ಅದನ್ನು ಹಿಡಿದು ನಾನು ಕೋಲಾರದ ಫೋನಂಗಡಿಗಳನ್ನು ಸುತ್ತಿದೆ. ಒಂದೊಂದು ಫೋನನ್ನೂ ಚೀಲದೊಳಗೆ ಇಳಿಸಿ, ಬಟ್ಟೆಯ ಮೇಲಿನಿಂದಲೇ ಗುಂಡಿ ಒತ್ತಿ, ಕಿವಿಗಿಟ್ಟುಕೊಂಡು ನೋಡಿದೆ. ಕೆಲವಕ್ಕೆ ಗುಂಡಿ ಸಣ್ಣ, ಕೆಲವಕ್ಕೆ ದನಿ ಸಣ್ಣ, ಮಡಚುವ ಫೋನಂತೂ ಚೀಲದಲ್ಲಿ ಬಾಯಿಯನ್ನೇ ಬಿಡಲಿಲ್ಲ. ಅಂಗಡಿಯ ಸಾಬರು ಬಹಳ ಹೊತ್ತು ಸಹಿಸಿಕೊಂಡು, "ಏನ್ ಸಾರ್, ಫೋನಿಗೆ ಮದ್ವೇನಾ? ರೇಷ್ಮೆ ಉಡಿಸ್ತಾ ಇದೀರಿ" ಎಂದರು. ವಿಷಯ ಹೇಳಿದೆ. ನಗುವುದನ್ನು ಬಿಟ್ಟು ಒಳಗಿನಿಂದ ದಪ್ಪ ಗುಂಡಿಯ, ಜೋರು ದನಿಯ ಒಂದು ಫೋನು ತಂದರು. "ತಾಯಿ ಬೇಟಿ ಮಾತಾಡೋದು ಅಲ್ವಾ? ಇದು ತಗೊಳ್ಳಿ. ಪ್ಯಾಕು ನಾನೂ ಒಡೆಯಲ್ಲ, ಮನೇಲಿ ಸ್ನಾನ ಮಾಡಿ ನೀವೇ ಒಡೀರಿ" ಎಂದರು.

ಸಿಮ್ಮಿನದು ಇನ್ನೊಂದು ರಾಮಾಯಣ. ಭಾನುವಾರ ಮೂರು ಕಂಪನಿಯ ಸಿಮ್ಮು ಜೇಬಿಗೆ ಹಾಕಿಕೊಂಡು ಹಳ್ಳಿಗೆ ಹೋದೆ. ದೊಡ್ಡಪ್ಪನ ಜಗಲಿಯಲ್ಲಿ ಒಂದನ್ನು ಹಾಕಿದ ಕೂಡಲೇ "ಆಂಧ್ರಪ್ರದೇಶಕ್ಕೆ ಸ್ವಾಗತ" ಎಂದು ಬಂತು. ಗಡಿಯಾಚೆಯ ಟವರು ನಮ್ಮನ್ನು ಹಿಡಿದಿತ್ತು. "ಕೂತಲ್ಲೇ ಕೂತಿದೀನಲ್ಲೋ ಸುಬ್ಬು, ನನ್ನನ್ಯಾಕೆ ಆಂಧ್ರಕ್ಕೆ ಕಳಿಸ್ತಾ ಇದೆ?" ಎಂದು ದೊಡ್ಡಪ್ಪ ರೇಗಿದರು. ಬೋರ್‌ವೆಲ್ ಜಾಗ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ಅಡ್ಡಾಡುವಂತೆ ನಾನು ಫೋನು ಹಿಡಿದು ಮನೆಯೆಲ್ಲ ಅಡ್ಡಾಡಿದೆ. ಕೊನೆಗೆ ಹಿತ್ತಲ ಬಾವಿಯ ಬಳಿ ಕರ್ನಾಟಕ ಸಿಕ್ಕಿತು. ಅಲ್ಲಿ ಯಾರೂ ಇರುವುದಿಲ್ಲ, ಗುಟ್ಟು ಮಾತಾಡಲು ಅದೇ ಸರಿಯಾದ ಜಾಗ.

ದೊಡ್ಡಮ್ಮನ ಊಟವಾದ ಮೇಲೆ ಬಾವಿಯ ಬಳಿ ಪಾಠ ಶುರುವಾಯಿತು. ಹಸಿರು ಗುಂಡಿ ಇರುವಲ್ಲಿ ಚೀಲದ ಮೇಲೆ ಶಾರದೆ ಒಂದು ಮಣಿ ಹೊಲಿದಿದ್ದಳು. ಸದ್ದಾದರೆ ಮಣಿ ಒತ್ತುವುದು, ಕಿವಿಗಿಡುವುದು, ಅಷ್ಟೇ. ನಾಳೆ ಹತ್ತು ಗಂಟೆಗೆ ನಳಿನಿ ಮಾಡುತ್ತಾಳೆ ಎಂದಷ್ಟೇ ಹೇಳಿದೆ. ಏತಕ್ಕೆ ಎಂದು ಹೇಳಲಿಲ್ಲ, ಹೇಳುವ ಹಕ್ಕು ನನ್ನದಲ್ಲ. ನಳಿನಿ ಎಂದದ್ದೇ ತಡ, ದೊಡ್ಡಮ್ಮ ಮಣಿ ಒತ್ತುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅವಳೇ ಮಾಡ್ತೀನಿ ಅಂದ್ಲಾ?"

"ಹೌದು ದೊಡ್ಡಮ್ಮ."

"ನನ್ನ ಹತ್ರಾನೇ?"

"ನಿನ್ನ ಹತ್ರಾನೇ."

ಅವಳು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಚೀಲ ರೇಷ್ಮೆ, ಸರಿ. ಒಳಗಿರೋದನ್ನ ಯಾರ್ಯಾರು ಮುಟ್ಟಿರ್ತಾರೋ, ಏನೋ" ಎಂದಳು. ಹೊಸದು, ನಾನೇ ಸ್ನಾನ ಮಾಡಿ ತೆಗೆದದ್ದು ಎಂದೆ. ಮೆಲ್ಲಗೆ ತಲೆಯಾಡಿಸಿದಳು. ಒಪ್ಪಿದಳೆಂದುಕೊಂಡು ನಾನು ಸಂಜೆಯ ಬಸ್ಸಿಗೆ ಹೊರಟುಬಂದೆ, ಬಸ್ಸಿನಲ್ಲಿ ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗುತ್ತಾ.

ಸೋಮವಾರ ಹತ್ತೂ ಕಾಲಿಗೆ ಕಚೇರಿಯಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ನಳಿನಿ.

"ಸ್ವಿಚ್ ಆಫ್ ಅಂತ ಬರ್ತಿದೆ ಅಣ್ಣ. ನಾಲ್ಕು ಸಲ ಮಾಡ್ದೆ. ಅಮ್ಮ ಆರಿಸಿಟ್ಟಿದ್ದಾಳೆ."

"ಚಾರ್ಜ್ ಹೋಗಿರ್ಬೇಕು ಕಣೇ."

"ಸುಮ್ನೆ ಸಮಾಧಾನ ಹೇಳ್ಬೇಡ. ಆವತ್ತೂ ಮುಟ್ಟಲಿಲ್ಲ, ಇವತ್ತೂ ಮುಟ್ಟಲಿಲ್ಲ. ಅವಳಿಗೆ ಅವಳ ಮಡಿ ಇರ್ಲಿ ಬಿಡು." ದನಿ ಒಡೆಯಿತು. "ನಾಳೆ ಒಂದೇ ಒಂದು ಸಲ ಮಾಡ್ತೀನಿ. ಆಮೇಲೆ ಇಲ್ಲ."

ಅಂದು ನನಗೆ ಒಂದು ಕಾಗದವೂ ಕಣ್ಣಿಗೆ ಹತ್ತಲಿಲ್ಲ. ಭರ್ತಿ ಚಾರ್ಜ್ ಮಾಡಿ ಕೊಟ್ಟು ಬಂದಿದ್ದೆನಲ್ಲ, ಏನಾಯಿತು ಎಂದು ತಲೆ ಕೆಟ್ಟುಹೋಯಿತು. ಅವರ ಮನೆಯ ಹಳೆಯ ಫೋನಿಗೆ ಮಾಡೋಣವೆಂದರೆ ಮಾಲತಿ ಎತ್ತುತ್ತಾಳೆ, ಮತ್ತೆ ಕೂಗಾಟ. ಮಂಗಳವಾರ ರಜೆ ಹಾಕಿ ಮೊದಲ ಬಸ್ಸು ಹಿಡಿದೆ. ಮುಳಬಾಗಿಲಿನಲ್ಲಿ ಇನ್ನೊಂದು ಬಸ್ಸು ಸಿಗುವುದು ತಡವಾಯಿತು. ಹಳ್ಳಿ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ದಾರಿಯುದ್ದಕ್ಕೂ ದೊಡ್ಡಮ್ಮನನ್ನು ಬೈಯಲು ಮಾತು ಜೋಡಿಸುತ್ತಾ ಬಂದಿದ್ದೆ. ಇಷ್ಟು ಕಲ್ಲು ಮನಸ್ಸೇ ನಿನ್ನದು ಎಂದು ಕೇಳಿಯೇಬಿಡಬೇಕು ಎಂದಿತ್ತು.

ಮನೆಗೆ ಹೋದರೆ ದೊಡ್ಡಪ್ಪನ ತಾಯಿಯ ತಿಥಿ. ವರ್ಷಕ್ಕೊಂದು ಸಲ ಬರುವ ಶ್ರಾದ್ಧ. ಜಗಲಿಯಲ್ಲಿ ಊಟಕ್ಕೆ ಕರೆದ ಇಬ್ಬರು ಬ್ರಾಹ್ಮಣರು ಆಗಲೇ ಬಂದು ಕೂತಿದ್ದರು. ಒಳಗೆ ವರ್ಷದಲ್ಲೇ ಅತಿ ಕಟ್ಟುನಿಟ್ಟಿನ ಮಡಿ ಅಡಿಗೆ ಅರ್ಧ ಆಗಿತ್ತು. ನಾನು ಯಾರನ್ನೂ ತಾಗದೆ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದೆ.

ತುಳಸಿಕಟ್ಟೆಯ ಮೇಲೆ ಬಾಳೆಲೆ ಹಾಸಿತ್ತು. ಬಾಳೆಲೆಯ ಮೇಲೆ ಬಿಸಿಲಿಗೆ ಫೋನು ಒಣಗುತ್ತಿತ್ತು, ಅರಿಸಿನ ಕುಂಕುಮ ಹಚ್ಚಿಸಿಕೊಂಡು. ಪಕ್ಕದಲ್ಲಿ ಅದರ ಚೀಲ, ಮಡಚಿಟ್ಟಿದ್ದು. ಒದ್ದೆ ಸೀರೆಯ ದೊಡ್ಡಮ್ಮ ಒಲೆಯನ್ನು ಬಿಟ್ಟು ಬಂದು, ಕಟ್ಟೆಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಳು.

"ದೊಡ್ಡಮ್ಮ, ಇದೇನು ಮಾಡಿದ್ದೀಯ?"

"ತೊಳೆದೆ ಕಣೋ" ಎಂದಳು. "ನಿನ್ನೆ ಬೆಳಗ್ಗೆ ಎದ್ದ ತಕ್ಷಣ ಬಾವಿ ನೀರಲ್ಲಿ ಚೆನ್ನಾಗಿ ಮುಳುಗಿಸಿ ತೊಳೆದೆ. ಮಡೀಲೇ ತಗೋಬೇಕಲ್ಲ, ಅದಕ್ಕೆ. ನಿನ್ನೆ ಹತ್ತು ಗಂಟೆಯಿಂದ ಇಲ್ಲೇ ನಿಂತಿದ್ದೆ. ಅವಳು ಮಾಡಲೇ ಇಲ್ಲ. ಮರೆತುಬಿಟ್ಟಳೇನೋ. ಇವತ್ತು ಮಾಡ್ತಾಳೇನೋ ಅಂತ ನೋಡ್ತಾ ಇದೀನಿ."

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ನನಗೇ ಸಲ್ಲಬೇಕಾಗಿತ್ತು. ಬೇರೆಯವರ ಕೈಯಲ್ಲಿ ಏನಿರುತ್ತದೆ ಎಂದು ಊರನ್ನೆಲ್ಲ ಕೇಳುತ್ತಿದ್ದ ಮಹಾನುಭಾವ ನಾನು, ಇವಳ ಕೈಯಲ್ಲಿ ಯಾವಾಗಲೂ ನೀರಿನ ಚೊಂಬಿರುತ್ತದೆ ಎಂಬುದನ್ನು ಮರೆತಿದ್ದೆ. "ಅದು ಸತ್ತುಹೋಗಿದೆ ದೊಡ್ಡಮ್ಮ. ನೀರು ಕುಡಿದು ಸತ್ತಿದೆ. ನಳಿನಿ ನಿನ್ನೆ ನಾಲ್ಕು ಸಲ ಮಾಡಿದ್ದಾಳೆ" ಎಂದೆ.

ಅವಳು ನನ್ನ ಮುಖ ನೋಡಿದಳು. "ನಾನು ತಗೊಳ್ಳಲಿಲ್ಲ ಅಂದ್ಕೊಂಡ್ಳಾ?" ಎಂದಳು. "ಈ ಸಲಾನೂ ಅಂದ್ಕೊಂಡ್ಳಾ?" ಎಂದು ಮತ್ತೆ ಕೇಳಿದಳು. ಆವತ್ತಿನ ಫೋನಿನ ನೋವು ಅವಳಿಗೆ ತಿಳಿದೇ ಇಲ್ಲವೆಂದು ನಾವೆಲ್ಲ ಎರಡು ವರ್ಷದಿಂದ ನಂಬಿದ್ದೆವು. ತಿಳಿದಿತ್ತು. ಹೇಳಿಕೊಳ್ಳಲು ಅವಳಿಗೂ ದಾರಿ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ನನ್ನ ಜೇಬಿನ ಫೋನು ಹೊಡೆದುಕೊಂಡಿತು. ಲಕ್ಕೂರಿನ ಕಾಯಿನ್ ಡಬ್ಬಿಯದೇ ನಂಬರು. ಎತ್ತಿದರೆ ನಳಿನಿ, "ಇವತ್ತೂ ಆಫ್ ಅಣ್ಣ. ಮುಗೀತು. ಇನ್ನು ನಾನು..." ಎನ್ನುತ್ತಿದ್ದಳು. ಅವಳ ಮಾತು ಮುಗಿಯಲಿಲ್ಲ. ದೊಡ್ಡಮ್ಮ ಕೈ ಚಾಚಿದಳು.

"ಕೊಡು."

"ದೊಡ್ಡಮ್ಮ, ಇದು ನನ್ನದು. ಎರಡು ಬಸ್ಸು ಹತ್ತಿ ಬಂದಿದ್ದು, ಚೀಲಾನೂ ಇಲ್ಲ, ಒಳಗೆ ತಿಥಿ ಅಡಿಗೆ..."

"ಕೊಡೋ ಇಲ್ಲಿ!" ಎಂದು ನನ್ನ ಕೈಯಿಂದಲೇ ಕಿತ್ತುಕೊಂಡಳು. ಅವಳ ಒದ್ದೆ ಬೆರಳುಗಳು ನನ್ನ ಬೆರಳಿಗೆ ತಾಗಿದವು. ಹುಟ್ಟಿದ ಲಾಗಾಯ್ತು ಬೆಳಗಿನ ಹೊತ್ತಿನಲ್ಲಿ ದೊಡ್ಡಮ್ಮ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಫೋನನ್ನು ತಲೆಕೆಳಗಾಗಿ ಹಿಡಿದಿದ್ದಳು. ನಾನು ತಿರುಗಿಸಿ ಕಿವಿಗಿಟ್ಟೆ.

"ನಾನು ಕಣೇ ನಳಿನಿ. ನಾನೇ. ಅಮ್ಮ. ನನ್ನ ಕೈಯಲ್ಲೇ ಇದೆ, ಹೇಳು ಮಗೂ."

ನಾನು ಓಣಿಯ ಕಡೆ ಸರಿದು ನಿಂತೆ. ನಳಿನಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ದೊಡ್ಡಮ್ಮ "ಹೂಂ" ಎಂದಳು, "ಹೂಂ ಕಂದ" ಎಂದಳು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತು ಕಣ್ಣು ಮುಚ್ಚಿಕೊಂಡಳು, ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಒಂದು ಸಲ ನಕ್ಕಳು. ಕಾಸು ಮುಗಿದು ಆಚೆ ದನಿ ನಿಂತ ಮೇಲೂ ಬಹಳ ಹೊತ್ತು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಹೊತ್ತಾಯಿತೆಂದು ಹುಡುಕಿಕೊಂಡು ಬಂದ ದೊಡ್ಡಪ್ಪ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದೆ ಮಾಲತಿ. "ಏನೇ ಇದು, ಮುಟ್ಟಿಬಿಟ್ಯಾ? ತಿಥಿ ದಿನಾನೇ? ಮಾಡಿದ ಅಡಿಗೆಯೆಲ್ಲ ಹೋಯ್ತಲ್ಲೇ!" ಎಂದರು.

ದೊಡ್ಡಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಇನ್ನೊಂದು ಸಲ ಸ್ನಾನ ಮಾಡ್ತೀನಿ. ಇನ್ನೊಂದು ಸಲ ಅಡಿಗೆ ಮಾಡ್ತೀನಿ."

"ಬಂದೋರು ಅಲ್ಲೀತನಕ ಹಸ್ಕೊಂಡು ಕಾಯ್ಬೇಕಾ?"

"ಕಾಯ್ಲಿ" ಎಂದಳು ದೊಡ್ಡಮ್ಮ. "ನನ್ನ ಮಗಳು ಎರಡು ವರ್ಷ ಕಾದಿದಾಳೆ."

ದೊಡ್ಡಪ್ಪ ಅವಳ ಮುಖವನ್ನೇ ನೋಡಿದರು. ಆಮೇಲೆ ಉತ್ತರೀಯವನ್ನು ಸೊಂಟಕ್ಕೆ ಬಿಗಿದುಕೊಂಡು ಬಾವಿಯ ಹತ್ತಿರ ಬಂದರು. ಕೊಡ ಎತ್ತಲು ಹೋದ ಮಾಲತಿಯನ್ನು ತಡೆದು, ಹೆಂಡತಿಯ ಸ್ನಾನಕ್ಕೆ ತಾವೇ ನೀರು ಸೇದತೊಡಗಿದರು.